ಕ್ರಾಸ್-ಪ್ಲಾಟ್‌ಫಾರ್ಮ್ ಮೊಬೈಲ್ ಆ್ಯಪ್: ಫ್ರೇಮ್‌ವರ್ಕ್ ಆರಿಸುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಸಣ್ಣ ಉದ್ದಿಮೆ ನಡೆಸುವವರು, ಕಂಪನಿಗಳಲ್ಲಿ ಆ್ಯಪ್ ಕಟ್ಟುವ ಗೆಳೆಯರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವುದಕ್ಕೆ ಕ್ರಾಸ್-ಪ್ಲಾಟ್‌ಫಾರ್ಮ್ ಎನ್ನುತ್ತಾರೆ, ಅದಕ್ಕೆ ಬೇಕಾದ ಸಿದ್ಧ ಸಲಕರಣೆಗಳ ಗುಚ್ಛವೇ ಫ್ರೇಮ್‌ವರ್ಕ್. ಸಾಧ್ಯವಾದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳ ಹಿಂದೆ ನನ್ನದೊಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಫ್ರೇಮ್‌ವರ್ಕ್ ವೇಗವಾಗಿದೆ ಎನ್ನುವುದಕ್ಕಿಂತ, ಮೂರು ವರ್ಷದ ನಂತರ ಈ ಆ್ಯಪ್ ಅನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ದೊಡ್ಡ ಪ್ರಶ್ನೆ.

## ಮೊದಲ ಹೆಜ್ಜೆ

ಒಂದು ಸಲ ಕೋಡ್ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತದೆ ಎನ್ನುತ್ತಾರೆ. ನಿಜವೇ?

ಬಹುಪಾಲು ನಿಜ. ಪರದೆಗಳು, ಲೆಕ್ಕಾಚಾರ, ಫಾರ್ಮ್‌ಗಳ ತಪಾಸಣೆ, ಸರ್ವರ್ ಜೊತೆಗಿನ ವ್ಯವಹಾರ ಇವನ್ನೆಲ್ಲ ಒಮ್ಮೆ ಬರೆದರೆ ಸಾಕು. ಆದರೆ ಅನುಮತಿ ಕೇಳುವ ರೀತಿ, ನೋಟಿಫಿಕೇಶನ್, ಹಿನ್ನೆಲೆಯಲ್ಲಿ ಕೆಲಸ ಮಾಡಲು ಸಿಗುವ ಅವಕಾಶ, ಸ್ಟೋರ್‌ನ ನಿಯಮ ಇವೆಲ್ಲ ಆಂಡ್ರಾಯ್ಡ್‌ನಲ್ಲಿ ಒಂದು ಬಗೆ, ಐಫೋನಿನ ವ್ಯವಸ್ಥೆಯಾದ ಐಒಎಸ್‌ನಲ್ಲಿ ಇನ್ನೊಂದು ಬಗೆ. ಆಂಡ್ರಾಯ್ಡ್ ಕಡೆಯ ಗ್ರೇಡಲ್ (ಆ್ಯಪ್ ಕಟ್ಟಿಕೊಡುವ ಸಲಕರಣೆ) ಕಡತಗಳನ್ನೂ ಐಒಎಸ್ ಕಡೆಯ ಎಕ್ಸ್‌ಕೋಡ್ (ಆ್ಯಪ್ ಕಟ್ಟಲು ಆ್ಯಪಲ್ ಕೊಡುವ ತಂತ್ರಾಂಶ) ಯೋಜನೆಯನ್ನೂ ಒಮ್ಮೆಯೂ ತೆರೆಯದೆ ಸ್ಟೋರ್ ತಲುಪಿದ ಗಂಭೀರ ಆ್ಯಪ್ ಅಪರೂಪ. ತಂಡದಲ್ಲಿ ಒಬ್ಬರಿಗಾದರೂ ಈ ಎರಡು ಕಡೆಯ ಪರಿಚಯ ಇರಲೇಬೇಕು.

ನಮ್ಮ ಗ್ರಾಹಕರಲ್ಲಿ ಬಹುತೇಕ ಎಲ್ಲರದೂ ಆಂಡ್ರಾಯ್ಡ್ ಫೋನು. ಹಾಗಿದ್ದರೂ ಕ್ರಾಸ್-ಪ್ಲಾಟ್‌ಫಾರ್ಮ್ ಬೇಕೇ?

ಬೇಡದಿರಬಹುದು. ಭಾರತದಲ್ಲಿ ಬಳಕೆಯಲ್ಲಿರುವ ಹತ್ತು ಸ್ಮಾರ್ಟ್‌ಫೋನ್‌ಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಹಾಲಿನ ಸೊಸೈಟಿಯ ಸದಸ್ಯರಿಗೋ, ಅಡಿಕೆ ಮಂಡಿಯ ಗುಮಾಸ್ತರಿಗೋ, ಒಂದು ಗೋದಾಮಿನ ಸಿಬ್ಬಂದಿಗೋ ಮಾತ್ರ ಆ್ಯಪ್ ಕಟ್ಟುತ್ತಿದ್ದರೆ, ತಂಡಕ್ಕೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಕಾಟ್ಲಿನ್ ಭಾಷೆ ಬರುತ್ತಿದ್ದರೆ, ನೇರವಾಗಿ ಕಾಟ್ಲಿನ್ ಮತ್ತು ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ (ಪರದೆ ಕಟ್ಟುವ ಗೂಗಲ್‌ನ ಸಲಕರಣೆ) ಬರೆಯಿರಿ. ನಡುವೆ ಒಂದು ಪದರ ಕಡಿಮೆಯಾಗುತ್ತದೆ, ಅದರ ದೋಷಗಳೂ ಕಡಿಮೆಯಾಗುತ್ತವೆ. ಮುಂದೆ ಐಫೋನ್ ಬೇಕಾದರೆ ಆ ಕೋಡಿನ ಒಂದು ಭಾಗವನ್ನು ಹಂಚಿಕೊಳ್ಳುವ ದಾರಿ ಇದೆ, ಅದನ್ನು ಕೆಳಗೆ ಹೇಳಿದ್ದೇನೆ.

ಆದರೆ ನಿಮ್ಮ ಸೇವೆಗೆ ಹಣ ಕೊಡುವವರು ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳೋ ಅಮೆರಿಕದಲ್ಲಿರುವ ಕನ್ನಡಿಗರೋ ಆಗಿದ್ದರೆ ಐಫೋನನ್ನು ಬದಿಗಿಡುವಂತಿಲ್ಲ. ದೇಶದ ಒಟ್ಟು ಅಂಕಿ ನೋಡಿ ತೀರ್ಮಾನಿಸಬೇಡಿ, ನಿಮ್ಮದೇ ಬಳಕೆದಾರರ ಪಟ್ಟಿ ನೋಡಿ.

ಆ್ಯಪ್ ಬೇಕೇ ಬೇಕೇ? ಒಳ್ಳೆಯ ವೆಬ್‌ಸೈಟ್ ಸಾಲದೇ?

ವರ್ಷಕ್ಕೆ ಎರಡು ಬಾರಿ ತೆರೆಯುವ ಸೇವೆಗೆ ಯಾರೂ ಆ್ಯಪ್ ಇಳಿಸಿಕೊಂಡು ಉಳಿಸಿಕೊಳ್ಳುವುದಿಲ್ಲ. ಅಂಥದಕ್ಕೆ ವೆಬ್‌ಸೈಟೇ ಸರಿ. ಪಿಡಬ್ಲ್ಯುಎ ಎಂದು ಕರೆಯುವ, ಫೋನಿನ ಮುಖಪುಟಕ್ಕೆ (ಹೋಮ್ ಸ್ಕ್ರೀನ್) ಸೇರಿಸಿಕೊಳ್ಳಬಹುದಾದ ವೆಬ್ ಆ್ಯಪ್‌ಗಳು ಈಗ ಸಾಕಷ್ಟು ಬಲಿತಿವೆ. 2023ರಲ್ಲಿ ಬಂದ ಐಒಎಸ್ 16.4ರಿಂದ, ಮುಖಪುಟಕ್ಕೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ ಐಫೋನ್‌ನಲ್ಲೂ ಪುಶ್ ನೋಟಿಫಿಕೇಶನ್ ಕಳಿಸಬಹುದು. ಬ್ಲೂಟೂತ್ ಸಾಧನ, ಹಿನ್ನೆಲೆಯಲ್ಲಿ ಜಿಪಿಎಸ್, ನೆಟ್‌ವರ್ಕ್ ಇಲ್ಲದ ಕಡೆ ದಿನವಿಡೀ ಕೆಲಸ, ಇವು ಬೇಕಾದಾಗ ಮಾತ್ರ ನಿಜವಾದ ಆ್ಯಪ್ ಕಡೆ ಹೊರಳಿ.

ಹೆಸರುಗಳು ಇಷ್ಟೊಂದಿವೆ. ಯಾವುದನ್ನು ಗಂಭೀರವಾಗಿ ನೋಡಬೇಕು?

ಐದನ್ನು ನೋಡಿದರೆ ಸಾಕು. ಗೂಗಲ್‌ನ ಫ್ಲಟರ್, ಇದರ ಭಾಷೆ ಡಾರ್ಟ್, 1.0 ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಫೇಸ್‌ಬುಕ್ 2015ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟ ರಿಯಾಕ್ಟ್ ನೇಟಿವ್, ಭಾಷೆ ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್. ಜೆಟ್‌ಬ್ರೇನ್ಸ್‌ನ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್, ಸ್ಥಿರ ಎಂದು ಘೋಷಣೆಯಾದದ್ದು 2023ರ ನವೆಂಬರ್‌ನಲ್ಲಿ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೌಯಿ, ಭಾಷೆ ಸಿ ಶಾರ್ಪ್. ಕೊನೆಯದು, ವೆಬ್ ಪುಟಗಳನ್ನೇ ಆ್ಯಪ್ ಒಳಗೆ ಕೂರಿಸುವ, ಅಯಾನಿಕ್ ತಂಡದ ಕೆಪಾಸಿಟರ್. ಹೊಸದಾಗಿ ಶುರು ಮಾಡುವವರ ಮುಂದೆ ಬಹುತೇಕ ಸಲ ಉಳಿಯುವುದು ಮೊದಲ ಮೂರು.

ಐಫೋನ್ ಆ್ಯಪ್ ಮಾಡಲು ಮ್ಯಾಕ್ ಕೊಳ್ಳಲೇಬೇಕೇ? ಸ್ಟೋರ್‌ಗೆ ಎಷ್ಟು ಕಟ್ಟಬೇಕು?

ಐಒಎಸ್ ಆ್ಯಪ್ ಬಿಲ್ಡ್ ಆಗುವುದು, ಅಂದರೆ ಕೋಡ್ ಓಡಬಲ್ಲ ಆ್ಯಪ್ ಆಗುವುದು, ಎಕ್ಸ್‌ಕೋಡ್ ಮೂಲಕ, ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಯಾವ ಫ್ರೇಮ್‌ವರ್ಕೂ ಇದನ್ನು ತಪ್ಪಿಸುವುದಿಲ್ಲ. ಸ್ವಂತ ಮ್ಯಾಕ್ ಇಲ್ಲದವರು ಬಾಡಿಗೆಯ ಕ್ಲೌಡ್ ಸೇವೆ ಬಳಸಬಹುದು: ರಿಯಾಕ್ಟ್ ನೇಟಿವ್‌ಗೆ ಎಕ್ಸ್‌ಪೋ ಎಂಬ ಸಲಕರಣೆ ಗುಚ್ಛದ ಬಿಲ್ಡ್ ಸೇವೆ, ಫ್ಲಟರ್‌ಗೆ ಕೋಡ್‌ಮ್ಯಾಜಿಕ್, ಎರಡಕ್ಕೂ ಗಿಟ್‌ಹಬ್‌ನ ಮ್ಯಾಕ್ ಯಂತ್ರಗಳು. ಬಿಲ್ಡ್‌ಗೆ ಇಷ್ಟು ಸಾಕು. ಐಫೋನ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಬೆನ್ನಟ್ಟುವಾಗ ಮಾತ್ರ ಕೈಯಲ್ಲೊಂದು ಹಳೆಯ ಮ್ಯಾಕ್ ಮಿನಿ ಇದ್ದರೆ ಬಹಳ ಶ್ರಮ ಉಳಿಯುತ್ತದೆ.

ಗೂಗಲ್ ಪ್ಲೇ ಖಾತೆಗೆ ಒಂದೇ ಬಾರಿ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಇಲ್ಲಿ ಹಲವರು ಎಡವುವ ಒಂದು ನಿಯಮವನ್ನೂ ತಿಳಿದಿರಿ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ, ಕನಿಷ್ಠ 12 ಮಂದಿ ಪರೀಕ್ಷಕರು ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ ಇದ್ದ ಮೇಲಷ್ಟೇ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬಹುದು. ಉದ್ಘಾಟನೆಯ ದಿನಾಂಕ ಗೊತ್ತುಮಾಡುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

## ಆಯ್ಕೆಯ ಹೊತ್ತು

ಫ್ಲಟರೋ, ರಿಯಾಕ್ಟ್ ನೇಟಿವೋ? ಒಂದೇ ಮಾತಿನಲ್ಲಿ ಹೇಳಿ.

ತಂಡಕ್ಕೆ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಗೊತ್ತಿದ್ದರೆ ರಿಯಾಕ್ಟ್ ನೇಟಿವ್, ಇಲ್ಲದಿದ್ದರೆ ಫ್ಲಟರ್. ಒಂದೇ ಮಾತು ಕೇಳಿದ್ದಕ್ಕೆ ಇದು. ಆದರೆ ಇವೆರಡರ ನಡುವಿನ ಮೂಲ ವ್ಯತ್ಯಾಸ ಗೊತ್ತಿದ್ದರೆ ಆಯ್ಕೆ ನಿಮ್ಮದೇ ಆಗುತ್ತದೆ.

ಫ್ಲಟರ್ ಪರದೆಯ ಪ್ರತಿಯೊಂದು ಬಟನ್ನು, ಪಟ್ಟಿ, ಅಕ್ಷರವನ್ನೂ ತಾನೇ ಚಿತ್ರಿಸುತ್ತದೆ. ಫೋನಿನ ವ್ಯವಸ್ಥೆಯಿಂದ ಅದು ಪಡೆಯುವುದು ಒಂದು ಖಾಲಿ ಹಾಳೆಯನ್ನು ಮಾತ್ರ. ಆದ್ದರಿಂದ ಐದು ವರ್ಷ ಹಳೆಯ ಆಂಡ್ರಾಯ್ಡ್‌ನಲ್ಲೂ ಇಂದಿನ ಐಫೋನ್‌ನಲ್ಲೂ ಪರದೆ ಹೆಚ್ಚೂಕಡಿಮೆ ಒಂದೇ ರೀತಿ ಕಾಣುತ್ತದೆ. ರಿಯಾಕ್ಟ್ ನೇಟಿವ್ ಹಾಗಲ್ಲ. ನೀವು ಬಟನ್ ಎಂದರೆ ಅದು ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್‌ನ, ಐಫೋನ್‌ನಲ್ಲಿ ಆ್ಯಪಲ್‌ನ ಬಟನ್ ತಂದಿಡುತ್ತದೆ.

ಇದರ ಪರಿಣಾಮ 2025ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಐಒಎಸ್ 26ರಲ್ಲಿ ಆ್ಯಪಲ್ ಗಾಜಿನಂಥ ಪಾರದರ್ಶಕ ಹೊಸ ವಿನ್ಯಾಸ ತಂದಾಗ, ವ್ಯವಸ್ಥೆಯದೇ ಘಟಕಗಳನ್ನು ಬಳಸುವ ಆ್ಯಪ್‌ಗಳು ಹೊಸ ಎಕ್ಸ್‌ಕೋಡ್‌ನಲ್ಲಿ ಬಿಲ್ಡ್ ಆದೊಡನೆ ಆ ರೂಪವನ್ನು ಪಡೆದವು. ತನ್ನ ಪರದೆ ತಾನೇ ಬರೆದುಕೊಳ್ಳುವ ಫ್ಲಟರ್ ಆ್ಯಪ್‌ಗಳು ಹಳೆಯ ರೂಪದಲ್ಲೇ ಉಳಿದವು. ನಿಮ್ಮ ಆ್ಯಪ್‌ಗೆ ಸ್ವಂತ ಬಣ್ಣ, ಸ್ವಂತ ವಿನ್ಯಾಸ ಇದ್ದರೆ ಇದರಿಂದ ನಷ್ಟವಿಲ್ಲ, ಬದಲಿಗೆ ನೆಮ್ಮದಿ. ಆ್ಯಪಲ್‌ನ ಆ್ಯಪ್‌ಗಳಂತೆಯೇ ಕಾಣಬೇಕು ಎಂಬ ಆಸೆಯಿದ್ದರೆ ಫ್ಲಟರ್ ನಿಮ್ಮನ್ನು ಸತಾಯಿಸುತ್ತದೆ.

ದೊಡ್ಡ ಪ್ರಮಾಣದಲ್ಲಿ ಎರಡೂ ನಿಂತಿವೆ. 2017ರಲ್ಲಿ ತೇಜ್ ಎಂಬ ಹೆಸರಿನಲ್ಲಿ ಭಾರತದಲ್ಲಿ ಶುರುವಾದ ಗೂಗಲ್ ಪೇ ಮುಂದೆ ಫ್ಲಟರ್‌ನಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ರಿಯಾಕ್ಟ್ ನೇಟಿವ್ ಬಳಸುತ್ತದೆ. ಹಾಗಾಗಿ ಬಳಕೆದಾರರ ಸಂಖ್ಯೆ ತಡೆಯುತ್ತದೆಯೇ ಎಂಬ ಚಿಂತೆ ಬಿಡಿ, ಕೈಗೆ ಯಾವುದು ಒಗ್ಗುತ್ತದೆ ನೋಡಿ.

ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕೆಲಸ ಸಿಗಬೇಕಾದರೆ ಯಾವುದನ್ನು ಕಲಿಯಲಿ?

ಯಾವುದಾದರೂ ಒಂದನ್ನು ಕಲಿಯಿರಿ, ಆದರೆ ಸ್ಟೋರ್‌ವರೆಗೆ ಹೋಗಿ. ಟ್ಯುಟೋರಿಯಲ್ ನೋಡಿ ಮಾಡಿದ ಹತ್ತು ಅರೆಬರೆ ಆ್ಯಪ್‌ಗಳಿಗಿಂತ, ನಿಮ್ಮ ಊರಿನ ಗ್ರಂಥಾಲಯಕ್ಕೋ ಅಂಗಡಿಗೋ ಮಾಡಿಕೊಟ್ಟು ಆರು ತಿಂಗಳು ನಿಭಾಯಿಸಿದ ಒಂದು ಆ್ಯಪ್ ಹೆಚ್ಚು ಕಲಿಸುತ್ತದೆ. ರಿಯಾಕ್ಟ್ ನೇಟಿವ್ ಕಲಿತರೆ ವೆಬ್ ಕೆಲಸಗಳ ಬಾಗಿಲೂ ತೆರೆದಿರುತ್ತದೆ ಎಂಬುದು ಅದರ ಪರವಾದ ಗಟ್ಟಿ ಕಾರಣ. ಡಾರ್ಟ್ ಬಗ್ಗೆ ಹೆದರಿಕೆ ಬೇಡ, ಜಾವಾ ಬಲ್ಲವರಿಗೆ ಅದು ಕೆಲವೇ ದಿನಗಳಲ್ಲಿ ಹಿಡಿತಕ್ಕೆ ಸಿಗುತ್ತದೆ. ಯಾವುದನ್ನೇ ಹಿಡಿದರೂ ಆಂಡ್ರಾಯ್ಡ್ ಆ್ಯಪ್ ಹಿನ್ನೆಲೆಗೆ ಹೋದಾಗ ಏನಾಗುತ್ತದೆ, ಮೆಮೊರಿ ಸಾಲದಾಗ ವ್ಯವಸ್ಥೆ ಅದನ್ನು ಹೇಗೆ ಕೊಲ್ಲುತ್ತದೆ ಎಂಬ ಮೂಲಪಾಠಗಳನ್ನು ಓದಿಕೊಳ್ಳಿ. ಸಂದರ್ಶನದಲ್ಲಿ ಸೋಲುವುದು ಹೆಚ್ಚಾಗಿ ಅಲ್ಲೇ.

ಈಗಾಗಲೇ ಕಾಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಇದೆ. ಐಫೋನ್‌ಗೂ ಬೇಕು. ಎಲ್ಲವನ್ನೂ ಮತ್ತೆ ಬರೆಯಬೇಕೇ?

ಬೇಡ. ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಹುಟ್ಟಿದ್ದೇ ನಿಮ್ಮಂಥವರಿಗಾಗಿ. ಬಡ್ಡಿ ಲೆಕ್ಕ, ಡೇಟಾಬೇಸ್, ಸರ್ವರ್ ಕರೆಗಳಂಥ ಭಾಗವನ್ನು ಹಂಚಿಕೆಯ ಮಾಡ್ಯೂಲ್‌ಗೆ ಸರಿಸಿ, ಐಫೋನ್ ಪರದೆಗಳನ್ನು ಆ್ಯಪಲ್‌ನದೇ ಆದ ಸ್ವಿಫ್ಟ್‌ಯುಐನಲ್ಲಿ ಬರೆಯಬಹುದು. ಪರದೆಗಳನ್ನೂ ಹಂಚಿಕೊಳ್ಳಬೇಕೆಂದರೆ ಕಂಪೋಸ್ ಮಲ್ಟಿಪ್ಲಾಟ್‌ಫಾರ್ಮ್ ಇದೆ, ಅದರ ಐಒಎಸ್ ಭಾಗ 2025ರ ಮೇ ತಿಂಗಳಲ್ಲಿ ಸ್ಥಿರವಾಯಿತು. 2024ರಲ್ಲಿ ಗೂಗಲ್ ಕೂಡ ಆಂಡ್ರಾಯ್ಡ್ ಮತ್ತು ಐಒಎಸ್ ನಡುವೆ ವ್ಯವಹಾರ ತರ್ಕ ಹಂಚಿಕೊಳ್ಳಲು ಇದನ್ನು ಬೆಂಬಲಿಸುವುದಾಗಿ ಹೇಳಿತು.

ಇದರ ದೊಡ್ಡ ಗುಣ, ಸ್ವಲ್ಪ ಸ್ವಲ್ಪವಾಗಿ ಅಳವಡಿಸಿಕೊಳ್ಳಬಹುದು. ಒಂದು ಮಾಡ್ಯೂಲ್‌ನಿಂದ ಶುರು ಮಾಡಿ, ಹಿಡಿಸದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೊರತೆ ಎಂದರೆ, ಫ್ಲಟರ್ ಮತ್ತು ರಿಯಾಕ್ಟ್ ನೇಟಿವ್‌ಗೆ ಇರುವಷ್ಟು ಸಿದ್ಧ ಪ್ಲಗಿನ್‌ಗಳು (ಕ್ಯಾಮೆರಾ, ಪಾವತಿಯಂಥ ಸೌಲಭ್ಯ ಸೇರಿಸುವ ಕೋಡ್ ತುಣುಕುಗಳು) ಇಲ್ಲಿಲ್ಲ. ಐಒಎಸ್ ಬಲ್ಲವರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ನಮ್ಮದು ಹತ್ತು ವರ್ಷಗಳಿಂದ ಡಾಟ್‌ನೆಟ್ ತಂಡ. ಮೌಯಿ ಹಿಡಿಯಬಹುದೇ?

ಕಚೇರಿಯ ಒಳಬಳಕೆಯ ಆ್ಯಪ್, ಸರ್ವರ್ ಕೂಡ ಸಿ ಶಾರ್ಪ್, ವಿಂಡೋಸ್‌ಗೂ ಬೇಕು ಎನ್ನುವುದಾದರೆ ಹಿಡಿಯಬಹುದು. ಇದು 2022ರಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ಫ್ರೇಮ್‌ವರ್ಕ್ ಕ್ಸಾಮರಿನ್‌ನ ಉತ್ತರಾಧಿಕಾರಿಯಾಗಿ ಬಂತು. ಕ್ಸಾಮರಿನ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು. ಹಳೆಯ ಕ್ಸಾಮರಿನ್ ಆ್ಯಪ್ ಇನ್ನೂ ಇಟ್ಟುಕೊಂಡಿದ್ದರೆ ಸ್ಥಳಾಂತರವನ್ನು ತಡಮಾಡಬೇಡಿ, ಪ್ಲೇ ಸ್ಟೋರ್‌ನ ಹೊಸ ಬೇಡಿಕೆಗಳನ್ನು ಅದು ಪೂರೈಸಲಾರದು. ಸಾರ್ವಜನಿಕರಿಗಾಗಿ, ನವಿರಾದ ಚಲನೆಗಳಿರುವ ಆ್ಯಪ್ ಬೇಕಾದರೆ ನಾನು ಇದನ್ನು ಸೂಚಿಸುವುದಿಲ್ಲ.

ಇರುವ ವೆಬ್‌ಸೈಟನ್ನೇ ಸುತ್ತಿ ಆ್ಯಪ್ ಮಾಡಿಕೊಡುತ್ತೇವೆ, ವಾರದಲ್ಲಿ ಮುಗಿಯುತ್ತದೆ ಎಂದು ಒಬ್ಬರು ಹೇಳಿದರು. ಒಪ್ಪಲೇ?

ಆಂಡ್ರಾಯ್ಡ್‌ನಲ್ಲಿ ಹೇಗೋ ದಾಟಬಹುದು. ಆ್ಯಪಲ್‌ನ ವಿಮರ್ಶಾ ನಿಯಮ 4.2 ಇಂಥವನ್ನೇ ಗುರಿಯಾಗಿಸಿಕೊಂಡಿದೆ: ವೆಬ್‌ಸೈಟನ್ನು ಹಾಗೆಯೇ ಪ್ಯಾಕ್ ಮಾಡಿದ್ದಕ್ಕಿಂತ ಹೆಚ್ಚಿನ ಉಪಯೋಗ ಆ್ಯಪ್‌ನಲ್ಲಿ ಇರಬೇಕು. ಕೆಪಾಸಿಟರ್ ಬಳಸಿ ಕ್ಯಾಮೆರಾ, ಆಫ್‌ಲೈನ್ ಸಂಗ್ರಹ, ಬೆರಳಚ್ಚಿನ ಲಾಗಿನ್ ಇತ್ಯಾದಿಗಳನ್ನು ಸರಿಯಾಗಿ ಸೇರಿಸಿದ ಆ್ಯಪ್ ಗೌರವದ ಕೆಲಸವೇ. ಆದರೆ ಅದು ವಾರದಲ್ಲಿ ಮುಗಿಯುವುದಿಲ್ಲ.

ಉದ್ದನೆಯ ಪಟ್ಟಿಗಳು, ಬೆರಳಿನ ಜೊತೆಗೇ ಸಾಗಬೇಕಾದ ಚಲನೆಗಳು ವೆಬ್‌ವ್ಯೂನಲ್ಲಿ (ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಘಟಕ) ಬಳಲುವುದು ಹಳೆಯ ಕಥೆ. ಎಚ್‌ಟಿಎಂಎಲ್5 ಮೇಲೆ ಅತಿಯಾಗಿ ಪಣ ಕಟ್ಟಿದ್ದು ಕಂಪನಿಯ ದೊಡ್ಡ ತಪ್ಪು ಎಂದು ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ 2012ರಲ್ಲಿ ಒಪ್ಪಿಕೊಂಡಿದ್ದರು. ಫೋನುಗಳು ಅಂದಿನಿಂದ ಬಹಳ ವೇಗ ಪಡೆದಿವೆ, ಆದರೂ ಅಗ್ಗದ ಫೋನಿನಲ್ಲಿ ಈ ವ್ಯತ್ಯಾಸ ಈಗಲೂ ಬೆರಳಿಗೆ ಗೊತ್ತಾಗುತ್ತದೆ.

ಖರ್ಚು ಅರ್ಧಕ್ಕೆ ಇಳಿಯುತ್ತದೆ ಅಲ್ಲವೇ?

ಇಳಿಯುತ್ತದೆ, ಅರ್ಧಕ್ಕಲ್ಲ. ಕೋಡ್ ಬರೆಯುವ ಶ್ರಮ ಉಳಿಯುತ್ತದೆ. ಎರಡೂ ಬಗೆಯ ಫೋನುಗಳಲ್ಲಿ ಪರೀಕ್ಷೆ, ಎರಡು ಸ್ಟೋರ್‌ಗಳ ವ್ಯವಹಾರ, ವಿನ್ಯಾಸ, ಸರ್ವರ್ ಇವುಗಳ ಖರ್ಚು ಹಾಗೆಯೇ ಇರುತ್ತದೆ. ಗುತ್ತಿಗೆಗೆ ಕೊಡುವವರು ಮೊದಲ ಬಿಡುಗಡೆಯ ಬೆಲೆಯನ್ನಷ್ಟೇ ಕೇಳಬೇಡಿ. ಪ್ರತಿ ವರ್ಷದ ನವೀಕರಣಕ್ಕೆ ಎಷ್ಟು, ಯಾರು ಮಾಡುತ್ತಾರೆ, ಸೋರ್ಸ್ ಕೋಡ್ ಮತ್ತು ಸೈನಿಂಗ್ ಕೀಲಿ (ಆ್ಯಪ್ ನಿಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿಯ ಕೀಲಿ) ಯಾರ ವಶದಲ್ಲಿರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸ್ಟೋರ್ ಖಾತೆ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ಇರಲಿ.

## ಕನ್ನಡ, ಮತ್ತು ನಮ್ಮ ಜನರ ಫೋನುಗಳು

ಕನ್ನಡ ಅಕ್ಷರಗಳು ಸರಿಯಾಗಿ ಬರುತ್ತವೆಯೇ? ಒತ್ತಕ್ಷರ ಕತ್ತರಿಸಿದಂತೆ ಕಾಣುತ್ತದೆ.

ನನಗೆ ಅತ್ಯಂತ ಹತ್ತಿರದ ಪ್ರಶ್ನೆ ಇದು. ಫ್ರೇಮ್‌ವರ್ಕ್ ಹೋಲಿಕೆಯ ಲೇಖನಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಅಕ್ಷರ ಜೋಡಣೆಯ ಮಟ್ಟದಲ್ಲಿ ಚಿಂತೆಯಿಲ್ಲ. ಆಂಡ್ರಾಯ್ಡ್ ಮತ್ತು ಫ್ಲಟರ್ ಎರಡೂ ಬಳಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಕನ್ನಡದ ಒತ್ತು, ದೀರ್ಘ, ಅರ್ಕಾವತ್ತುಗಳನ್ನು ಸರಿಯಾಗಿಯೇ ಕೂರಿಸುತ್ತದೆ. ತೊಂದರೆ ಬರುವುದು ಇಂಗ್ಲಿಷ್ ಅಕ್ಷರಗಳ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸದಿಂದ. ಬಟನ್ನಿನ ಎತ್ತರವನ್ನು ನಿಗದಿಪಡಿಸಿ, ಸಾಲಿನ ಎತ್ತರವನ್ನು ಬಿಗಿಯಾಗಿಟ್ಟರೆ ‘ರಾಷ್ಟ್ರ’ದ ಕೆಳಗಿನ ಒತ್ತು ತುಂಡಾಗುತ್ತದೆ. ಫ್ಲಟರ್‌ನಲ್ಲಿ ಟೆಕ್ಸ್ಟ್‌ಸ್ಟೈಲ್‌ನ ಹೈಟ್ ಮೌಲ್ಯವನ್ನು ಸಡಿಲಿಸಿ. ರಿಯಾಕ್ಟ್ ನೇಟಿವ್‌ನಲ್ಲಿ ಆಂಡ್ರಾಯ್ಡ್‌ಗೆ ಸೀಮಿತವಾದ ಇನ್‌ಕ್ಲೂಡ್-ಫಾಂಟ್-ಪ್ಯಾಡಿಂಗ್ ಎಂಬ ಗುಣವನ್ನು ವಿನ್ಯಾಸಕಾರರು ಆಫ್ ಮಾಡಿಸುತ್ತಾರೆ. ಕನ್ನಡಕ್ಕೆ ಅದು ಆನ್ ಇರಲಿ. ಫೋನು ತಯಾರಕರು ಬೇರೆ ಬೇರೆ ಫಾಂಟ್ ಹಾಕಿರುತ್ತಾರೆ, ಆದ್ದರಿಂದ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ’ ಇಂಥ ಮುಕ್ತ ಪರವಾನಗಿಯ ಫಾಂಟ್ ಒಂದನ್ನು ಆ್ಯಪ್ ಜೊತೆಗೇ ಕಳಿಸುವುದು ಒಳ್ಳೆಯದು.

ಎರಡನೆಯ ತೊಡಕು ಎಣಿಕೆಯದು. ಡಾರ್ಟ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಯುಟಿಎಫ್-16 ಎಂಬ ಸಂಕೇತ ಪದ್ಧತಿಯ ಘಟಕಗಳನ್ನು ಎಣಿಸುತ್ತವೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು. ‘ಹೆಸರು 20 ಅಕ್ಷರ ಮೀರಬಾರದು’ ಎಂಬ ನಿಯಮ ಕನ್ನಡದ ಹೆಸರುಗಳಿಗೆ ಅನ್ಯಾಯ ಮಾಡುವುದು ಹೀಗೆ. ಉದ್ದ ವಾಕ್ಯವನ್ನು ನಡುವೆ ಕತ್ತರಿಸಿದರೆ ಕೊನೆಯಲ್ಲೊಂದು ಅನಾಥ ಹಲಂತ ಉಳಿಯುವುದೂ ಹೀಗೆಯೇ. ಡಾರ್ಟ್‌ನಲ್ಲಿ ಕ್ಯಾರೆಕ್ಟರ್ಸ್ ಪ್ಯಾಕೇಜ್ ಬಳಸಿದರೆ ತೊಂದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಮೂರನೆಯದು ಹುಡುಕಾಟ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದಿಲ್ಲದಿದ್ದರೆ ವ ಒತ್ತಾಗಿಬಿಡುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಹುಡುಕಿದರೆ ಸಿಗುವುದಿಲ್ಲ. ‘ಕೋ’ದ ಓಕಾರವನ್ನೂ ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ಹೋಲಿಸುವ ಮುನ್ನ ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ಓಕಾರದಂಥದಕ್ಕೆ ಬೇಕಾದ ನಾರ್ಮಲೈಸ್ ಸೌಲಭ್ಯ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಇದೆ, ಡಾರ್ಟ್‌ನಲ್ಲಿ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ಕಣ್ಣಿಗೆ ಕಾಣದ ಆ ಸಂಕೇತವನ್ನು ಅದು ತೆಗೆಯುವುದಿಲ್ಲ, ನೀವೇ ತೆಗೆಯಬೇಕು.

ಇನ್ನೊಂದು ಮಾತು. ಕಚೇರಿಗಳಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತಗಳು ಇನ್ನೂ ರಾಶಿ ರಾಶಿಯಾಗಿವೆ. ಅವು ಯುನಿಕೋಡ್ ಅಲ್ಲದಿದ್ದರೆ ಯಾವ ಫ್ರೇಮ್‌ವರ್ಕ್‌ನಲ್ಲೂ ಗೊಂದಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತನೆಯನ್ನು ಸರ್ವರ್‌ಗೆ ಹಾಕುವ ಮೊದಲೇ ಮುಗಿಸಿ.

ಎಂಟು ಸಾವಿರ ರೂಪಾಯಿಯ ಫೋನಿನಲ್ಲಿ ಫ್ಲಟರ್ ನಿಧಾನ ಎನ್ನುತ್ತಾರೆ. ಹೌದೇ?

ಮೊದಲು ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ನೋಡಿ. ಅಭಿವೃದ್ಧಿಯ ಹಂತದ ಡೀಬಗ್ ಬಿಲ್ಡ್ ಫ್ಲಟರ್‌ನಲ್ಲೂ ರಿಯಾಕ್ಟ್ ನೇಟಿವ್‌ನಲ್ಲೂ ಬಹಳ ನಿಧಾನ, ಬಹುತೇಕ ದೂರುಗಳು ಅದನ್ನು ನೋಡಿ ಹುಟ್ಟಿದವು. ಮೊದಲ ಬಾರಿ ಪರದೆ ಸರಿಯುವಾಗ ತಡವರಿಸುವುದು ಫ್ಲಟರ್‌ನ ಹಳೆಯ ಕಾಯಿಲೆಯಾಗಿತ್ತು. ಅದಕ್ಕೆ ಮದ್ದಾಗಿ ಬಂದ ಇಂಪೆಲ್ಲರ್ ಎಂಬ ಹೊಸ ಚಿತ್ರಣ ಯಂತ್ರ ಐಫೋನ್‌ನಲ್ಲಿ 2023ರಿಂದಲೂ, ಹೊಸ ಆಂಡ್ರಾಯ್ಡ್‌ಗಳಲ್ಲಿ 2024ರ ಕೊನೆಯಿಂದಲೂ ತಾನಾಗಿಯೇ ಬಳಕೆಯಾಗುತ್ತದೆ. ರಿಯಾಕ್ಟ್ ನೇಟಿವ್‌ನಲ್ಲಿ 0.70 ಆವೃತ್ತಿಯಿಂದ ಸಹಜವಾಗಿ ಬರುವ ಹರ್ಮಿಸ್ ಎಂಜಿನ್ ಆ್ಯಪ್ ತೆರೆಯುವ ವೇಗವನ್ನು ಸುಧಾರಿಸಿದೆ.

ಎರಡರಲ್ಲೂ ಆ್ಯಪ್ ಗಾತ್ರ ಶುದ್ಧ ಕಾಟ್ಲಿನ್‌ಗಿಂತ ಕೆಲವು ಎಂಬಿ ಹೆಚ್ಚು. ಎಲ್ಲ ಫೋನುಗಳಿಗೂ ಒಂದೇ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಸ್ಥಾಪಿಸುವ ಕಡತ) ಬದಲು ಸ್ಟೋರ್‌ಗೆ ಆ್ಯಪ್ ಬಂಡಲ್ ಕೊಟ್ಟರೆ ಪ್ರತಿ ಫೋನಿಗೆ ಬೇಕಾದ ಭಾಗವಷ್ಟೇ ಇಳಿಯುತ್ತದೆ. ನಾನು ಕಂಡ ನಿಧಾನದ ಆ್ಯಪ್‌ಗಳಲ್ಲಿ ತಪ್ಪು ಹೆಚ್ಚಾಗಿ ಫ್ರೇಮ್‌ವರ್ಕ್‌ನದಲ್ಲ, ಬೆರಳುಗುರಿನಷ್ಟು ಜಾಗದಲ್ಲಿ ತೋರಿಸಲು ನಾಲ್ಕು ಎಂಬಿ ಚಿತ್ರ ಇಳಿಸುವ ಅಭ್ಯಾಸದ್ದು.

ಮಲೆನಾಡಿನ ಕಡೆ ನೆಟ್‌ವರ್ಕ್ ಇರುವುದಿಲ್ಲ. ಆಫ್‌ಲೈನ್ ಕೆಲಸಕ್ಕೆ ಯಾವುದು ಮೇಲು?

ಫೋನಿನಲ್ಲೇ ಮಾಹಿತಿ ಉಳಿಸುವ ಎಸ್‌ಕ್ಯುಎಲೈಟ್ ಎಂಬ ಡೇಟಾಬೇಸ್ ಎಲ್ಲದರಲ್ಲೂ ಇದೆ, ಎಲ್ಲವೂ ಸಮ. ಕಷ್ಟ ಇರುವುದು ಇಬ್ಬರು ಒಂದೇ ದಾಖಲೆಯನ್ನು ಆಫ್‌ಲೈನ್‌ನಲ್ಲಿ ತಿದ್ದಿದಾಗ ಯಾರದು ನಿಲ್ಲಬೇಕು ಎಂಬ ತೀರ್ಮಾನದಲ್ಲಿ. ಅದನ್ನು ಸರ್ವರ್ ವಿನ್ಯಾಸದಲ್ಲೇ ಬಗೆಹರಿಸಬೇಕು.

ಬ್ಲೂಟೂತ್ ಪ್ರಿಂಟರ್, ಯುಪಿಐ ಪಾವತಿ ಇವೆಲ್ಲ ಸಲೀಸಾಗಿ ಆಗುತ್ತವೆಯೇ?

ಆಂಡ್ರಾಯ್ಡ್‌ನಲ್ಲಿ ಆಗುತ್ತವೆ. ಐಫೋನ್‌ನಲ್ಲಿ ಎಚ್ಚರ ಬೇಕು. ಅಂಗಡಿಗಳಲ್ಲಿ ಕಾಣುವ ಅಗ್ಗದ ರಸೀದಿ ಪ್ರಿಂಟರ್‌ಗಳಲ್ಲಿ ಹಲವು ಹಳೆಯ ಬಗೆಯ ಬ್ಲೂಟೂತ್ ಬಳಸುತ್ತವೆ. ಆ ಬಗೆಯ ಸಾಧನ ಆ್ಯಪಲ್‌ನ ಪ್ರಮಾಣೀಕರಣ ಪಡೆಯದಿದ್ದರೆ ಐಫೋನ್ ಆ್ಯಪ್ ಅದರೊಡನೆ ಮಾತಾಡುವಂತಿಲ್ಲ. ಬ್ಲೂಟೂತ್ ಲೋ ಎನರ್ಜಿ ಇರುವ ಪ್ರಿಂಟರ್‌ಗೆ ಈ ತಡೆಯಿಲ್ಲ. ಇದು ಐಒಎಸ್‌ನ ನಿಯಮ, ಯಾವ ಪ್ಲಗಿನ್ ಕೂಡ ಇದನ್ನು ದಾಟಿಸದು. ಪ್ರಿಂಟರ್ ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ.

ಯುಪಿಐ ಕೂಡ ಹಾಗೆಯೇ. ಆಂಡ್ರಾಯ್ಡ್ ಯುಪಿಐ ಕೊಂಡಿಯನ್ನು ತೆರೆದು ಫೋನಿನಲ್ಲಿರುವ ಪಾವತಿ ಆ್ಯಪ್‌ಗಳ ಪಟ್ಟಿ ತೋರಿಸುತ್ತದೆ. ಐಒಎಸ್‌ನಲ್ಲಿ ಅಂಥ ಪಟ್ಟಿಯಿಲ್ಲ, ಪ್ರತಿ ಪಾವತಿ ಆ್ಯಪ್‌ನ ಕೊಂಡಿಯನ್ನೂ ಮೊದಲೇ ಘೋಷಿಸಿಕೊಂಡು ನೀವೇ ತೋರಿಸಬೇಕು. ರೇಜರ್‌ಪೇಯಂಥ ಪಾವತಿ ಗೇಟ್‌ವೇಗಳು ಫ್ಲಟರ್‌ಗೂ ರಿಯಾಕ್ಟ್ ನೇಟಿವ್‌ಗೂ ಅಧಿಕೃತ ಪ್ಲಗಿನ್ ಕೊಡುತ್ತವೆ, ಅವನ್ನೇ ಬಳಸಿ.

ತೀರ್ಮಾನಕ್ಕೆ ಮುನ್ನ ಮಾದರಿ ಆ್ಯಪ್ ಮಾಡಿ ನೋಡುತ್ತೇವೆ. ಅದರಲ್ಲಿ ಏನಿರಬೇಕು?

ಲಾಗಿನ್ ಪರದೆ ಬೇಡ, ಅದು ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತದೆ. ನಿಮ್ಮ ಆ್ಯಪ್‌ನ ಅತಿ ಕಷ್ಟದ ಮೂಲೆಯನ್ನು ಮೊದಲು ಕಟ್ಟಿ: ಆ ಪ್ರಿಂಟರ್, ಹಿನ್ನೆಲೆಯ ಆ ಜಿಪಿಎಸ್, ಸಾವಿರ ಸಾಲಿನ ಆ ಕನ್ನಡ ಪಟ್ಟಿ. ಹೆಚ್ಚಿನ ಬಳಕೆದಾರರ ಕೈಯಲ್ಲಿರುವಂಥ ಅಗ್ಗದ ಫೋನಿನಲ್ಲಿ, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಟ್ಟುಕೊಂಡು ಓಡಿಸಿ. ಒಂದು ಲಕ್ಷ ರೂಪಾಯಿ 1,00,000 ಎಂದು ಬರುತ್ತದೆಯೋ 100,000 ಎಂದೋ ಕಣ್ಣಿಟ್ಟು ನೋಡಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ ಕಣ್ಣುಮುಚ್ಚಿ ಒಂದು ಕೆಲಸ ಮುಗಿಸಿ. ಇಲ್ಲಿ ಗೆದ್ದ ಫ್ರೇಮ್‌ವರ್ಕ್ ಉಳಿದೆಡೆ ನಿಮ್ಮನ್ನು ಕೈಬಿಡುವುದು ಕಡಿಮೆ.

## ಆಳದ ಪ್ರಶ್ನೆಗಳು

ರಿಯಾಕ್ಟ್ ನೇಟಿವ್‌ನ ಬ್ರಿಡ್ಜ್ ಹೋಯಿತು ಎನ್ನುತ್ತಾರೆ. ಹಾಗೆಂದರೇನು, ನಮ್ಮ ಹಳೆಯ ಆ್ಯಪ್‌ಗೆ ಏನಾಗುತ್ತದೆ?

ಮೊದಲು ಜಾವಾಸ್ಕ್ರಿಪ್ಟ್ ಒಂದು ದಡ, ಆಂಡ್ರಾಯ್ಡ್ ಇಲ್ಲವೇ ಐಒಎಸ್ ಇನ್ನೊಂದು ದಡ. ನಡುವಿನ ಸೇತುವೆಯೇ ಬ್ರಿಡ್ಜ್, ಎಲ್ಲ ಸಂದೇಶವೂ ಜೇಸನ್ ಎಂಬ ಪಠ್ಯರೂಪಕ್ಕೆ ಬದಲಾಗಿ, ಸರದಿಯಲ್ಲಿ ನಿಂತು ಅದನ್ನು ದಾಟಬೇಕಿತ್ತು. ಬೆರಳು ಸರಿಸುವ ಪ್ರತಿ ಕ್ಷಣಕ್ಕೂ ಸಂದೇಶ ಹೋಗಬೇಕಾದಾಗ ಅಲ್ಲಿ ದಟ್ಟಣೆ ಆಗುತ್ತಿತ್ತು. ಹೊಸ ರಚನೆಯಲ್ಲಿ ಜೆಎಸ್‌ಐ ಎಂಬ ಸಿ ಪ್ಲಸ್ ಪ್ಲಸ್ ಪದರದ ಮೂಲಕ ಜಾವಾಸ್ಕ್ರಿಪ್ಟ್ ಆಚೆಯ ಕಾರ್ಯಗಳನ್ನು ನೇರವಾಗಿ ಕರೆಯುತ್ತದೆ. 2024ರ ಅಕ್ಟೋಬರ್‌ನ 0.76 ಆವೃತ್ತಿಯಿಂದ ಇದೇ ಸಹಜ ರಚನೆ.

ಹಳೆಯ ಆ್ಯಪ್ ಇರುವವರು ಮೊದಲು ಮಾಡಬೇಕಾದ್ದು, ಬಳಸಿರುವ ಪ್ರತಿ ಲೈಬ್ರರಿ ಹೊಸ ರಚನೆಗೆ ಒಗ್ಗಿದೆಯೇ ಎಂದು ಪಟ್ಟಿ ಮಾಡಿ ನೋಡುವುದು. ಎರಡು ವರ್ಷಗಳಿಂದ ಯಾರೂ ಮುಟ್ಟದ ಲೈಬ್ರರಿಗೆ ಬದಲಿ ಹುಡುಕಿ. ಹೊಸದಾಗಿ ಶುರು ಮಾಡುವವರು ಎಕ್ಸ್‌ಪೋದಿಂದಲೇ ಶುರು ಮಾಡಿ, ಅಧಿಕೃತ ದಸ್ತಾವೇಜಿನ ಸಲಹೆಯೂ ಈಗ ಅದೇ.

ಸ್ಟೋರ್‌ನ ಅನುಮತಿಗೆ ಕಾಯದೆ ದೋಷ ಸರಿಪಡಿಸಿ ಕಳಿಸಬಹುದೇ?

ಜಾವಾಸ್ಕ್ರಿಪ್ಟ್ ಭಾಗವನ್ನು ಕಳಿಸಬಹುದು. ಆ್ಯಪ್‌ನ ಮೂಲ ಉದ್ದೇಶ ಬದಲಾಗದಷ್ಟು ಮಟ್ಟಿಗೆ ಎರಡೂ ಸ್ಟೋರ್‌ಗಳು ಇದನ್ನು ಒಪ್ಪುತ್ತವೆ. ಬಹಳ ಜನ ನೆಚ್ಚಿಕೊಂಡಿದ್ದ ಮೈಕ್ರೋಸಾಫ್ಟ್‌ನ ಕೋಡ್‌ಪುಶ್ ಸೇವೆ 2025ರ ಮಾರ್ಚ್ 31ಕ್ಕೆ ಆ್ಯಪ್ ಸೆಂಟರ್ ಜೊತೆಗೆ ನಿಂತಿತು, ಈಗ ಎಕ್ಸ್‌ಪೋದ ಅಪ್‌ಡೇಟ್ ಸೇವೆ ಮುಖ್ಯ ದಾರಿ. ಫ್ಲಟರ್‌ನ ಡಾರ್ಟ್ ಕೋಡ್ ಮೊದಲೇ ಯಂತ್ರಭಾಷೆಗೆ ಬದಲಾಗಿರುವುದರಿಂದ ಅದರಲ್ಲಿ ಈ ಸೌಲಭ್ಯ ಸಹಜವಾಗಿ ಇಲ್ಲ. ಫ್ಲಟರ್ ಆರಂಭಿಸಿದವರಲ್ಲಿ ಒಬ್ಬರು ಕಟ್ಟಿದ ಶೋರ್‌ಬರ್ಡ್ ಎಂಬ ಪ್ರತ್ಯೇಕ ಸೇವೆ ಅದನ್ನು ಕೊಡುತ್ತದೆ. ಪಾವತಿ, ಪರೀಕ್ಷಾ ಫಲಿತಾಂಶದಂಥ ತುರ್ತಿನ ಆ್ಯಪ್‌ಗಳಿಗೆ ಇದೊಂದೇ ಅಂಶ ಆಯ್ಕೆಯನ್ನು ತಿರುಗಿಸಬಹುದು.

‘16 ಕೆಬಿ ಪೇಜ್’ ಎಂದು ಪ್ಲೇ ಕನ್ಸೋಲ್ (ಗೂಗಲ್ ಪ್ಲೇಗೆ ಆ್ಯಪ್ ಹಾಕುವ ತಾಣ) ಎಚ್ಚರಿಕೆ ಕೊಡುತ್ತಿದೆ. ಇದು ಫ್ರೇಮ್‌ವರ್ಕ್‌ನ ತಪ್ಪೇ?

ಫೋನಿನ ಮೆಮೊರಿಯನ್ನು 4 ಕೆಬಿ ತುಂಡುಗಳ ಬದಲು 16 ಕೆಬಿ ತುಂಡುಗಳಲ್ಲಿ ನಿರ್ವಹಿಸುವ ಸಾಧನಗಳು ಬರುತ್ತಿವೆ. ಆಂಡ್ರಾಯ್ಡ್ 15 ಮತ್ತು ಮೇಲಿನದನ್ನು ಗುರಿಯಾಗಿಸಿದ ಹೊಸ ಆ್ಯಪ್ ಮತ್ತು ನವೀಕರಣಗಳು ಇದಕ್ಕೆ ಹೊಂದಬೇಕು ಎಂಬುದು 2025ರ ನವೆಂಬರ್ 1ರಿಂದ ಗೂಗಲ್ ಪ್ಲೇ ನಿಯಮ. ಶುದ್ಧ ಕಾಟ್ಲಿನ್ ಆ್ಯಪ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಫ್ಲಟರ್ ಮತ್ತು ರಿಯಾಕ್ಟ್ ನೇಟಿವ್ ಒಳಗೆ ಸಿ ಪ್ಲಸ್ ಪ್ಲಸ್ ಲೈಬ್ರರಿಗಳಿರುವುದರಿಂದ ಅವನ್ನು ಹೊಸದಾಗಿ ಕಟ್ಟಬೇಕು. ರಿಯಾಕ್ಟ್ ನೇಟಿವ್ 0.77ರಿಂದ ಸಿದ್ಧವಿದೆ, ಫ್ಲಟರ್‌ನ ಈಗಿನ ಆವೃತ್ತಿಗಳೂ ಸಿದ್ಧವಿವೆ. ಸಿಕ್ಕಿಬೀಳುವುದು ಎಲ್ಲೋ ಹಾಕಿಕೊಂಡ ಹಳೆಯ ಪಿಡಿಎಫ್ ಪ್ಲಗಿನ್ ಅಥವಾ ವಿಡಿಯೊ ಪ್ಲಗಿನ್. ಪ್ಲಗಿನ್ ಆರಿಸುವಾಗ ನಕ್ಷತ್ರಗಳ ಸಂಖ್ಯೆಗಿಂತ ಕೊನೆಯ ಬಿಡುಗಡೆಯ ದಿನಾಂಕ ನೋಡಿ ಎನ್ನುವುದು ಇದಕ್ಕೇ.

ವಸತಿ ಕಾಯ್ದಿರಿಸುವ ಏರ್‌ಬಿಎನ್‌ಬಿ ಕಂಪನಿ ರಿಯಾಕ್ಟ್ ನೇಟಿವ್ ಬಿಟ್ಟಿತು. ನಾಳೆ ಗೂಗಲ್ ಫ್ಲಟರ್ ಕೈಬಿಟ್ಟರೆ ನಮ್ಮ ಗತಿ?

ಏರ್‌ಬಿಎನ್‌ಬಿ 2018ರಲ್ಲಿ ಬಿಟ್ಟದ್ದು ನಿಜ. ಅವರ ವಿವರಣೆಯನ್ನು ಓದಿದರೆ ಕಾರಣ ಬೇರೆಯೇ ತೂಕದ್ದು: ಅವರಲ್ಲಿ ಮೊದಲೇ ದೊಡ್ಡ ಆಂಡ್ರಾಯ್ಡ್ ಮತ್ತು ಐಒಎಸ್ ಆ್ಯಪ್‌ಗಳಿದ್ದವು, ರಿಯಾಕ್ಟ್ ನೇಟಿವ್ ಅವುಗಳೊಳಗೆ ಬಂದು ಎರಡರ ಬದಲು ಮೂರು ವೇದಿಕೆಗಳನ್ನು ನೋಡಿಕೊಳ್ಳುವಂತಾಯಿತು. ಅದೇ ಫ್ರೇಮ್‌ವರ್ಕನ್ನು 2020ರಲ್ಲಿ ಆನ್‌ಲೈನ್ ಅಂಗಡಿ ಸೇವೆಯ ಶಾಪಿಫೈ ತನ್ನ ಮೊಬೈಲ್ ಆ್ಯಪ್‌ಗಳ ಭವಿಷ್ಯ ಎಂದು ಘೋಷಿಸಿ ಅದರಲ್ಲೇ ಮುಂದುವರಿಯಿತು.

ಗೂಗಲ್ 2024ರಲ್ಲಿ ಫ್ಲಟರ್ ಮತ್ತು ಡಾರ್ಟ್ ತಂಡಗಳಿಂದ ಕೆಲವರನ್ನು ತೆಗೆದಾಗ ಆತಂಕ ಹಬ್ಬಿತ್ತು, ಬಿಡುಗಡೆಗಳು ಅದರ ನಂತರವೂ ನಿಲ್ಲಲಿಲ್ಲ. ಫ್ಲಟರ್ ಮುಕ್ತ ಪರವಾನಗಿಯದು, ಕಂಪನಿ ಕೈಬಿಟ್ಟರೂ ಕೋಡ್ ಎಲ್ಲಿಗೂ ಹೋಗುವುದಿಲ್ಲ. ಆದರೂ ಯಾವ ಕಂಪನಿಯ ಭರವಸೆಯನ್ನೂ ಶಾಶ್ವತ ಎಂದುಕೊಳ್ಳಬಾರದು. ಲೆಕ್ಕಾಚಾರ ಮತ್ತು ನಿಯಮಗಳನ್ನು ಆದಷ್ಟು ಸರ್ವರ್‌ನಲ್ಲಿಡಿ, ಪರದೆಯ ಕೋಡಿನೊಳಗೆ ಹೂಳಬೇಡಿ. ಆಗ ಒಂದು ದಿನ ಬದಲಾಯಿಸಬೇಕಾದರೂ ಪರದೆಗಳನ್ನು ಮಾತ್ರ ಮತ್ತೆ ಬರೆದರಾಯಿತು.

ಹಳೆಯ ಜಾವಾ ಆ್ಯಪ್ ಅನ್ನು ಫ್ಲಟರ್‌ಗೆ ಬದಲಿಸುತ್ತಿದ್ದೇವೆ. ಈಗಿರುವ ಬಳಕೆದಾರರಿಗೆ ತೊಂದರೆಯಾಗದಂತೆ ಹೇಗೆ?

ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಾಗಿಲ್ಲ. ಫ್ಲಟರ್‌ನ ಒಂದೆರಡು ಪರದೆಗಳನ್ನು ಹಳೆಯ ಆ್ಯಪ್ ಒಳಗೇ ಮಾಡ್ಯೂಲ್ ಆಗಿ ಸೇರಿಸಬಹುದು, ರಿಯಾಕ್ಟ್ ನೇಟಿವ್‌ನಲ್ಲೂ ಇದು ಸಾಧ್ಯ. ಆದರೆ ಎರಡು ಲೋಕಗಳನ್ನು ವರ್ಷಗಟ್ಟಲೆ ಒಟ್ಟಿಗೆ ಸಾಕಬೇಡಿ, ಏರ್‌ಬಿಎನ್‌ಬಿ ದಣಿದದ್ದು ಅದರಿಂದಲೇ.

ಪೂರ್ತಿ ಬದಲಿಸುವುದಾದರೆ ಅಪ್ಲಿಕೇಶನ್ ಐಡಿ ಮತ್ತು ಸೈನಿಂಗ್ ಕೀಲಿ ಹಳೆಯವೇ ಇರಬೇಕು, ಐಡಿ ಬದಲಾದರೆ ಪ್ಲೇ ಸ್ಟೋರ್ ಅದನ್ನು ಬೇರೆಯೇ ಆ್ಯಪ್ ಎಂದು ಎಣಿಸುತ್ತದೆ, ಕೀಲಿ ಬದಲಾದರೆ ನವೀಕರಣವನ್ನು ಒಪ್ಪುವುದಿಲ್ಲ. ಫೋನಿನಲ್ಲಿ ಉಳಿಸಿದ್ದ ಲಾಗಿನ್ ಮತ್ತು ಆಯ್ಕೆಗಳು ತಾವಾಗಿ ಬರುವುದಿಲ್ಲ. ಫ್ಲಟರ್‌ನ ಶೇರ್ಡ್ ಪ್ರಿಫರೆನ್ಸಸ್ ಪ್ಲಗಿನ್ ತನ್ನದೇ ಕಡತದಲ್ಲಿ, ತನ್ನದೇ ಪೂರ್ವಪದ ಹಚ್ಚಿ ಉಳಿಸುತ್ತದೆ, ಜಾವಾ ಆ್ಯಪ್ ಬರೆದಿಟ್ಟದ್ದು ಅದಕ್ಕೆ ಕಾಣುವುದಿಲ್ಲ. ಮೊದಲ ಬಾರಿ ತೆರೆದಾಗ ಹಳೆಯ ಕಡತ ಓದಿ ಹೊಸದಕ್ಕೆ ಸಾಗಿಸುವ ಒಂದಿಷ್ಟು ಕಾಟ್ಲಿನ್ ಕೋಡನ್ನು ನೀವೇ ಬರೆಯಬೇಕು. ಬಿಡುಗಡೆಗೆ ಮುನ್ನ ಸ್ಟೋರ್‌ನಿಂದ ಹಳೆಯ ಆವೃತ್ತಿಯನ್ನು ಇಳಿಸಿಕೊಂಡು, ಲಾಗಿನ್ ಆಗಿ, ಒಂದಷ್ಟು ಮಾಹಿತಿ ತುಂಬಿ, ಅದನ್ನು ಅಳಿಸದೆ ಅದರ ಮೇಲೆಯೇ ಹೊಸದನ್ನು ಸ್ಥಾಪಿಸಿ ನೋಡಿ. ಪ್ಲೇ ಸ್ಟೋರ್‌ನ ಆಂತರಿಕ ಪರೀಕ್ಷಾ ಹಾದಿಯ ಮೂಲಕವೇ ಇದನ್ನು ಮಾಡಿ, ಸ್ಟೋರ್‌ನಲ್ಲಿ ಬಳಕೆಯಾಗುವ ಅದೇ ಸಹಿಯೊಂದಿಗೆ ಪರೀಕ್ಷೆ ನಡೆಯುತ್ತದೆ.